ಪ್ರತಿಕಾಯವೆಂಬ ಸಾಕ್ಷಿ

(ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಹಿರಿಯರ ನೆನಪಿಗೆ ಇಟ್ಟ ದತ್ತಿಯಲ್ಲಿ ವಿಜ್ಞಾನದ ಮಾತೂ ಒಂದು ದಿನ ಊರಿಗೆ ಬರಲಿ ಎಂದು ತಾವು ಬಯಸಿದ್ದೀರಿ. ಅದಕ್ಕಾಗಿ ಮೊದಲು ನನ್ನ ಕೃತಜ್ಞತೆ. ನಾನಿಂದು ಎರಡು ಸಂಗತಿಗಳ ಬಗ್ಗೆ ಮಾತನಾಡುತ್ತೇನೆ. ಒಂದು, ನಮ್ಮ ಕರುಳಿನ ಜೀವಕೋಶಗಳ ಮೇಲಿರುವ ಗ್ವಾನಿಲಿಲ್ ಸೈಕ್ಲೇಸ್ ಸಿ ಎಂಬ ರಿಸೆಪ್ಟರ್, ಅಂದರೆ ಹೊರಗಿನ ಅಣುವನ್ನು ಹಿಡಿದು ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನ್. ಹೆಸರು ಉದ್ದವಾಯಿತು, ಮುಂದೆ ಜಿಸಿ-ಸಿ ಎನ್ನೋಣ. ಇನ್ನೊಂದು, ಅದನ್ನು ಗುರುತಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಾಡಿಕೊಂಡ ಪ್ರತಿಕಾಯಗಳು. ನಾನು ಹೇಳಬೇಕೆಂದಿರುವುದು ಇಷ್ಟೇ: ಉಪಕರಣವನ್ನು ನಾವೇ ಮಾಡಿಕೊಳ್ಳಬಲ್ಲೆವಾದರೆ ನಮ್ಮ ರೋಗದ ಪ್ರಶ್ನೆಯನ್ನು ನಾವೇ ಕೇಳಬಲ್ಲೆವು, ಆ ಉಪಕರಣವನ್ನು ಒರೆಗೆ ಹಚ್ಚಿ ನೋಡಿದ್ದರೆ ಮಾತ್ರ ಬಂದ ಉತ್ತರವನ್ನು ನಂಬಬಹುದು.

ಜುಲಾಬಿನ ಹಿಂದಿರುವ ವಿಷ

ಮಳೆಗಾಲ ಶುರುವಾಗಿ ಹೊಲಸು ನೀರು ಕುಡಿಯುವ ನೀರಿಗೆ ಸೇರಿದಾಗ ಕೂಸುಗಳಿಗೆ ಜುಲಾಬು ಹತ್ತುವುದನ್ನು ಇಲ್ಲಿ ಕೂತ ತಾಯಂದಿರು ಕಂಡಿದ್ದೀರಿ. ಇದಕ್ಕೆ ಕಾರಣವಾಗುವ ರೋಗಾಣುಗಳು ಹಲವು. ಅವುಗಳಲ್ಲಿ ಒಂದು ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು. ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲೂ ಇರುತ್ತದೆ, ಬಹುಪಾಲು ತಳಿಗಳಿಂದ ತೊಂದರೆಯಿಲ್ಲ. ಕೆಲವು ಮಾತ್ರ ವಿಷ ತಯಾರಿಸುತ್ತವೆ. ಅಂಥ ವಿಷಗಳಲ್ಲೊಂದು 18 ಅಥವಾ 19 ಅಮೈನೊ ಆಮ್ಲಗಳ ಪುಟ್ಟ ತುಣುಕು. ಗಂಧಕದ ಮೂರು ಬಂಧಗಳು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿವೆಯೆಂದರೆ ಕುದಿಸಿದರೂ ಅದು ಕೆಡುವುದಿಲ್ಲ. ಹಾಗೆಂದು ನೀರು ಕುದಿಸಿ ಕುಡಿಯುವುದು ವ್ಯರ್ಥವೆಂದು ಯಾರೂ ತಿಳಿಯಬಾರದು. ವಿಷ ತಯಾರಾಗುವುದು ಮುಖ್ಯವಾಗಿ ಕರುಳಿನೊಳಗೆ, ಜೀವಂತ ಬ್ಯಾಕ್ಟೀರಿಯಾದಿಂದ. ಕುದಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ.

ಇದು ಮಕ್ಕಳಿಗಷ್ಟೇ ಬರುವ ಪೀಡೆಯಲ್ಲ. ನಮ್ಮ ಸೀಮೆಯ ದೇವಣಿ ದನಗಳನ್ನು ಸಾಕಿದವರಿಗೆ ಗೊತ್ತು, ಹುಟ್ಟಿದ ಮೊದಲ ಮೂರು ನಾಲ್ಕು ದಿನಗಳಲ್ಲಿ ಎಳೆಗರು ನೀರಿನಂತೆ ಭೇದಿ ಮಾಡಿಕೊಂಡು ಕೈಗೆ ಸಿಗದೆ ಹೋಗುವುದುಂಟು. ಅದರ ಹಿಂದೆಯೂ ಅನೇಕ ಸಲ ಇದೇ ಬಗೆಯ ಇ. ಕೋಲೈ, ಇದೇ ಬಗೆಯ ವಿಷ.

ಕರುಳಿನ ಭೇದಿಗೆ ವಿಷವೇ ಕಾರಣ ಎಂಬ ತಿಳಿವಳಿಕೆಗೆ ಭದ್ರ ಬುನಾದಿ ಹಾಕಿದವರು ನಮ್ಮ ದೇಶದವರೇ. ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ಕಾಲರಾ ರೋಗಾಣು ಹೊರಹಾಕುವ ವಿಷವೇ ಕರುಳಿನಿಂದ ನೀರು ಸುರಿಸುತ್ತದೆಂದು ಮೊಲದ ಕರುಳಿನಲ್ಲಿ ತೋರಿಸಿದರು. ಕುದಿಸಿದರೂ ಕೆಡದ ಇ. ಕೋಲೈ ವಿಷದ ದಾರಿ ಬೇರೆಯೆಂದು 1978ರಲ್ಲಿ ತಿಳಿಯಿತು. ಅದು ಕರುಳಿನ ಜೀವಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಣ್ಣ ಅಣುವಿನ ಪ್ರಮಾಣವನ್ನು ಏರಿಸುತ್ತದೆ. ಆ ವಿಷ ಜೀವಕೋಶದ ಹೊರಮೈಯಲ್ಲಿ ಹಿಡಿಯುವ ರಿಸೆಪ್ಟರಿನ ಜೀನ್ ಸಿಕ್ಕಿದ್ದು 1990ರಲ್ಲಿ, ಅಮೆರಿಕದ ಡೇವಿಡ್ ಗಾರ್ಬರ್ಸ್ ಅವರ ತಂಡಕ್ಕೆ. ಅದೇ ಜಿಸಿ-ಸಿ.

ಆದರೆ ವಿಷಕ್ಕೆಂದು ದೇಹ ತನ್ನ ಕರುಳಿನಲ್ಲಿ ಒಂದು ರಿಸೆಪ್ಟರ್ ಇಟ್ಟುಕೊಳ್ಳುತ್ತದೆಯೇ? 1992ರಲ್ಲಿ ಇದಕ್ಕೆ ಉತ್ತರ ಬಂತು. ನಮ್ಮ ಕರುಳೇ ಗ್ವಾನಿಲಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ, ಜಿಸಿ-ಸಿ ಇರುವುದು ಅದಕ್ಕಾಗಿ. ಗ್ವಾನಿಲಿನ್ ಬಂದು ಅಂಟಿದಾಗ ರಿಸೆಪ್ಟರ್ ಹದವಾಗಿ ಸೈಕ್ಲಿಕ್ ಜಿಎಂಪಿ ತಯಾರಿಸುತ್ತದೆ. ಅದರಿಂದ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ನಾಳ ತೆರೆದುಕೊಂಡು, ಲವಣದ ಹಿಂದೆಯೇ ಸ್ವಲ್ಪ ನೀರು ಕರುಳಿಗೆ ಬರುತ್ತದೆ. ಮಲ ಮೆದುವಾಗಿ ಸಾಗುವುದಕ್ಕೆ ಇದು ಬೇಕೇಬೇಕು. ಇ. ಕೋಲೈಯ ವಿಷದ ಆಕಾರ ಗ್ವಾನಿಲಿನ್ನನ್ನು ಹೋಲುತ್ತದೆ, ಆದರೆ ಅಂಟುವ ಬಲ ಅದಕ್ಕಿಂತ ಬಹಳ ಹೆಚ್ಚು. ಹದ ತಪ್ಪಿ ನೀರು ಸುರಿಯುತ್ತದೆ. ಸಕ್ಕರೆಯ ಜೊತೆ ಸೋಡಿಯಂ ಹೀರುವ ದಾರಿ ಮಾತ್ರ ಆಗಲೂ ಕೆಡದೆ ಉಳಿದಿರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಆ ದಾರಿಯಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಾಬಿಸ್ ಅದರಿಂದಲೇ ಸಾವಿರಾರು ಜೀವ ಉಳಿಸಿದರು.

ಪ್ರತಿಕಾಯ ಎಂದರೇನು

ಜಿಸಿ-ಸಿ 1073 ಅಮೈನೊ ಆಮ್ಲಗಳ ಒಂದು ಪ್ರೋಟೀನ್. ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿರುತ್ತವೆ. ಅಷ್ಟರ ನಡುವೆ ಇದೊಂದನ್ನೇ ಗುರುತಿಸುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಎಷ್ಟು ಹಿಗ್ಗಿಸಿ ನೋಡಿದರೂ ಒಂದು ಪ್ರೋಟೀನು ತನ್ನ ಹೆಸರು ಹೇಳುವುದಿಲ್ಲ. ಇಲ್ಲಿ ವಿಜ್ಞಾನಿಗಳು ಮೊರೆಹೋಗುವುದು ಪ್ರತಿಕಾಯಕ್ಕೆ.

ಪ್ರತಿಕಾಯ, ಅಂದರೆ ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರೋಟೀನು, ನಿಮಗೆ ಅಪರಿಚಿತವಲ್ಲ. ಈದ ಹಸುವಿನ ಗಿಣ್ಣದ ಹಾಲನ್ನು ಮೊದಲು ಕರುವಿಗೆ ಬಿಡಬೇಕು ಎಂದು ಮನೆಯ ಹಿರಿಯರು ಹೇಳುತ್ತಾರಲ್ಲ, ಆ ಗಿಣ್ಣದ ಸತ್ವದಲ್ಲಿ ದೊಡ್ಡ ಪಾಲು ಪ್ರತಿಕಾಯಗಳದು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವನ್ನು ಸೇರುತ್ತವೆ. ದನಗಳಲ್ಲಿ ಹಾಗಾಗುವುದಿಲ್ಲ. ಕರು ಹುಟ್ಟಿದ ಮೊದಲ ದಿನ ಮಾತ್ರ ಅದರ ಕರುಳು ಈ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಹೀರಿಕೊಳ್ಳಬಲ್ಲದು, ತಾಸು ಕಳೆದಂತೆ ಆ ಶಕ್ತಿ ಇಳಿಯುತ್ತದೆ. ಗಿಣ್ಣ ತಪ್ಪಿದ ಕರು ಭೇದಿಗೆ ಬಲಿಯಾಗುವುದು ಅದಕ್ಕೇ.

ಒಂದೊಂದು ಪ್ರತಿಕಾಯ ಒಂದೊಂದು ಅಣುವಿನ ನಿರ್ದಿಷ್ಟ ಭಾಗವನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಈ ಗುಣವನ್ನೇ ಪ್ರಯೋಗಾಲಯ ಬಳಸಿಕೊಳ್ಳುತ್ತದೆ. ಬೇಕಾದ ಪ್ರೋಟೀನನ್ನು ಪ್ರಾಣಿಗೆ ಚುಚ್ಚಿದರೆ ಅದರ ದೇಹ ಪ್ರತಿಕಾಯ ತಯಾರಿಸುತ್ತದೆ. ಆದರೆ ಒಂದು ಪ್ರಾಣಿಯ ರಕ್ತದಲ್ಲಿ ಸಿಗುವುದು ಹಲವು ಪ್ರತಿಕಾಯಗಳ ಬೆರಕೆ, ಮತ್ತು ಆ ಪ್ರಾಣಿ ಸತ್ತರೆ ಅದೇ ಬೆರಕೆ ಮತ್ತೆ ಸಿಗುವುದಿಲ್ಲ. ಈ ತೊಡಕನ್ನು ಬಿಡಿಸಿದವರು ಕೇಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್, 1975ರಲ್ಲಿ. ಪ್ರತಿಕಾಯ ತಯಾರಿಸುವ ಇಲಿಯ ಗುಲ್ಮದ ಜೀವಕೋಶ ಗಾಜಿನ ಪಾತ್ರೆಯಲ್ಲಿ ಕೆಲವೇ ದಿನ ಬದುಕುತ್ತದೆ. ಮೈಲೋಮ ಎಂಬ ಕ್ಯಾನ್ಸರಿನ ಜೀವಕೋಶ ಎಷ್ಟು ಕಾಲ ಬೇಕಾದರೂ ಬೆಳೆಯುತ್ತದೆ, ಆದರೆ ನಮಗೆ ಬೇಕಾದ ಪ್ರತಿಕಾಯವನ್ನು ತಯಾರಿಸುವುದಿಲ್ಲ. ಅವರು ಎರಡನ್ನೂ ಬೆಸೆದರು. ಬೆಸೆದ ಜೀವಕೋಶಗಳನ್ನು ಹ್ಯಾಟ್ ಎಂಬ ವಿಶೇಷ ದ್ರಾವಣದಲ್ಲಿ ಬೆಳೆಸಿದರೆ ಬೆಸೆಯದೆ ಉಳಿದ ಮೈಲೋಮ ಸಾಯುತ್ತದೆ, ಗುಲ್ಮದ ಜೀವಕೋಶ ತಾನಾಗಿಯೇ ಸಾಯುತ್ತದೆ, ಬೆಸುಗೆಯಾದದ್ದು ಮಾತ್ರ ಉಳಿಯುತ್ತದೆ. ಅದರ ಹೆಸರು ಹೈಬ್ರಿಡೋಮ. ಒಂದೇ ಜೀವಕೋಶದ ಸಂತತಿಯಿಂದ ಬರುವ ಈ ಏಕರೂಪದ ಪ್ರತಿಕಾಯವೇ ಮೊನೊಕ್ಲೋನಲ್ ಪ್ರತಿಕಾಯ. ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು. ಆ ವಿಧಾನಕ್ಕೆ ಪೇಟೆಂಟ್ ಇರಲಿಲ್ಲ. ಹಾಗಾಗಿ ಕೋಲ್ಕತ್ತದಲ್ಲಿ, ಬೆಂಗಳೂರಿನಲ್ಲಿ, ಯಾವುದೇ ದೇಶದ ಯಾವುದೇ ಪ್ರಯೋಗಾಲಯದಲ್ಲಿ ಅದನ್ನು ಕಲಿತು ಮಾಡಬಹುದಾಯಿತು. ವಿದ್ಯೆ ಎಲ್ಲರ ಕೈಗೆಟುಕುವಂತಿರಬೇಕು ಎಂದು ನಂಬುವವನಾಗಿ ನಾನು ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಬೆಂಗಳೂರಿನ ಪ್ರತಿಕಾಯ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಂಧ್ಯಾ ಎಸ್. ವಿಶ್ವೇಶ್ವರಯ್ಯ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಜಿಸಿ-ಸಿಯ ಬೆನ್ನು ಹತ್ತಿದರು. ಭೇದಿ ನಮ್ಮ ನಾಡಿನ ಮಕ್ಕಳ ರೋಗ. ಅದರ ಮೂಲದಲ್ಲಿರುವ ರಿಸೆಪ್ಟರನ್ನು ನಮ್ಮ ನಾಡಿನ ಪ್ರಯೋಗಾಲಯವೊಂದು ಕೈಗೆತ್ತಿಕೊಂಡದ್ದು ತಕ್ಕ ಕೆಲಸ.

ಮೊದಲು ಬೇಕಾದದ್ದು ರಿಸೆಪ್ಟರನ್ನು ಗುರುತಿಸುವ ಸಾಧನ. 1996ರಲ್ಲಿ ಪ್ರಕಟವಾದ ಕೆಲಸದಲ್ಲಿ ಈ ತಂಡ ಮನುಷ್ಯನ ಜಿಸಿ-ಸಿಯ ಹೊರಭಾಗವನ್ನಷ್ಟೇ ಇ. ಕೋಲೈಯಲ್ಲಿ ತಯಾರಿಸಿ, ಅದರಿಂದ ರಿಸೆಪ್ಟರಿನ ಮೇಲೆ ವಿಷದ ಆಟ ನಡೆಯದಂತೆ ತಡೆಯುವ ಪ್ರತಿಕಾಯಗಳನ್ನು ಪಡೆಯಿತು. ಯಾವ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮಕ್ಕಳನ್ನು ಕೊಲ್ಲುತ್ತವೆಯೋ, ಅದೇ ಬ್ಯಾಕ್ಟೀರಿಯಾದ ಸಾಧು ತಳಿಯಿಂದ ಈ ಕೆಲಸ ಮಾಡಿಸಿಕೊಂಡದ್ದು. ಮರುವರ್ಷದ ಪ್ರಕಟಣೆಯಲ್ಲಿ ರಿಸೆಪ್ಟರ್ ಅಂಗಾಂಶದಲ್ಲಿ ಎಲ್ಲೆಲ್ಲಿ ಇದೆ ಎಂಬುದನ್ನು ಪ್ರತಿಕಾಯದಿಂದ ಬಣ್ಣ ಹಚ್ಚಿ ತೋರಿಸಿದರು. ಅದೇ ಪ್ರಯೋಗಾಲಯದಲ್ಲಿ ಜಿಸಿಸಿ:4ಡಿ7 ಎಂಬ ಮೊನೊಕ್ಲೋನಲ್ ಪ್ರತಿಕಾಯವೂ ರೂಪುಗೊಂಡಿತು.

ಇಂಥ ಒಂದು ಪ್ರತಿಕಾಯ ಕೈಗೆ ಬರಲು ಎಷ್ಟು ದುಡಿಮೆ ಬೇಕೆಂದು ವಿದ್ಯಾರ್ಥಿಗಳು ತಿಳಿಯಬೇಕು. ಬೆಸುಗೆಯಾದ ಜೀವಕೋಶಗಳನ್ನು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಹಂಚುತ್ತಾರೆ. ದಿನ ಬಿಟ್ಟು ದಿನ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಎಲ್ಲಿ ಜೀವಕೋಶಗಳ ಗುಂಪು ಬೆಳೆದಿದೆಯೋ ಆ ಗುಳಿಯ ದ್ರವ ತೆಗೆದು ಬೇಕಾದ ಪ್ರೋಟೀನಿಗೆ ಅಂಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನೂರಾರು ಗುಳಿಗಳಲ್ಲಿ ಬೆರಳೆಣಿಕೆಯವು ಗೆಲ್ಲುತ್ತವೆ. ಗೆದ್ದದ್ದನ್ನು ಒಂದು ಗುಳಿಗೆ ಒಂದೇ ಜೀವಕೋಶ ಬೀಳುವಷ್ಟು ತೆಳುವಾಗಿಸಿ ಮತ್ತೆ ಬೆಳೆಸುತ್ತಾರೆ, ಮತ್ತೆ ಪರೀಕ್ಷಿಸುತ್ತಾರೆ. ಕೊನೆಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ನಡುವೆ ಒಮ್ಮೆ ಬೂಷ್ಟು ಹತ್ತಿದರೆ ತಿಂಗಳುಗಳ ಕೆಲಸ ನೀರುಪಾಲು.

ಈಗ ಆ ಪ್ರತಿಕಾಯವನ್ನು ಬಳಸುವ ಬಗೆ. ಕರುಳಿನ ಜೀವಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನು ತೆಳುವಾದ ಜೆಲ್ಲಿನ ಮೇಲ್ತುದಿಗೆ ಹಾಕಿ ವಿದ್ಯುತ್ ಹರಿಸುತ್ತಾರೆ. ಹಗುರಾದ ಪ್ರೋಟೀನು ಬೇಗ ಕೆಳಗಿಳಿಯುತ್ತದೆ, ಭಾರವಾದದ್ದು ಮೇಲೆ ಉಳಿಯುತ್ತದೆ. ಅವನ್ನು ಹಾಗೆಯೇ ಒಂದು ಬಿಳಿ ಪೊರೆಗೆ ವರ್ಗಾಯಿಸುತ್ತಾರೆ. ಖಾಲಿ ಜಾಗಕ್ಕೆ ಪ್ರತಿಕಾಯ ಅಂಟಬಾರದಲ್ಲ, ಅದಕ್ಕೆ ಪೊರೆಯನ್ನು ಕೆನೆ ತೆಗೆದ ಹಾಲಿನ ಪುಡಿ ಕದಡಿದ ನೀರಿನಲ್ಲಿ ನೆನೆಸುತ್ತಾರೆ. ಆಮೇಲೆ ಪ್ರತಿಕಾಯ, ಅದರ ಮೇಲೆ ಬೆಳಕು ಹೊಮ್ಮಿಸುವ ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ. ಕತ್ತಲೆ ಕೋಣೆಯಲ್ಲಿ ಪೊರೆಯ ಮೇಲೆ ಎಕ್ಸ್‌ರೇ ಫಿಲ್ಮ್ ಇಟ್ಟು ತೊಳೆದರೆ ಕಪ್ಪು ಗೆರೆ ಮೂಡುತ್ತದೆ.

ಜಿಸಿ-ಸಿಗೆ ಮೂಡಿದ್ದು ಒಂದಲ್ಲ, ಎರಡು ಗೆರೆ: ಒಂದು 130 ಕಿಲೋಡಾಲ್ಟನ್ ತೂಕದಲ್ಲಿ, ಇನ್ನೊಂದು 145ರಲ್ಲಿ. ಆತುರದವರು ಒಂದನ್ನು ಕಸವೆಂದು ಬಿಟ್ಟುಬಿಡುತ್ತಿದ್ದರು. ಬೆಂಗಳೂರಿನ ತಂಡ ಬಿಡಲಿಲ್ಲ. ಎರಡೂ ಒಂದೇ ಪ್ರೋಟೀನು, ವ್ಯತ್ಯಾಸವಿರುವುದು ಅದಕ್ಕೆ ಸೇರಿಕೊಂಡ ಸಕ್ಕರೆಯ ಸರಪಳಿಗಳಲ್ಲಿ ಎಂದು ತೋರಿಸಿತು. 130ರದ್ದು ಜೀವಕೋಶದೊಳಗೆ ಇನ್ನೂ ತಯಾರಾಗುತ್ತಿರುವ ರೂಪ. 145ರದ್ದು ಸಕ್ಕರೆ ಪೂರ್ತಿ ಸೇರಿ ಹೊರಮೈಗೆ ಬಂದ ರೂಪ, ವಿಷಕ್ಕೆ ಓಗೊಟ್ಟು ಸೈಕ್ಲಿಕ್ ಜಿಎಂಪಿ ತಯಾರಿಸುವುದು ಅದೇ. ಎರಡು ಕಪ್ಪು ಗೆರೆಗಳಿಂದ ಒಂದು ರಿಸೆಪ್ಟರಿನ ಬದುಕಿನ ಹಂತಗಳೇ ತಿಳಿದವು. ಕೈಯಲ್ಲಿ ನಂಬಿಕೆಗೆ ಅರ್ಹವಾದ ಪ್ರತಿಕಾಯ ಇದ್ದುದರಿಂದಲೇ ಎರಡನೆಯ ಗೆರೆಯನ್ನು ನಂಬುವ ಧೈರ್ಯ ಬಂತು.

ಸುಳ್ಳು ಸಾಕ್ಷಿಗಳು

ನ್ಯಾಯ ಪಂಚಾಯ್ತಿಯಲ್ಲಿ ಸಾಕ್ಷಿಯ ಮಾತಿನ ಮೇಲೆ ತೀರ್ಪು ನಿಲ್ಲುತ್ತದೆ. ಹಾಗೆಯೇ ಪ್ರತಿಕಾಯವನ್ನು ಬಳಸುವ ಎಲ್ಲ ಸಂಶೋಧನೆಯೂ ಅದು ಹೇಳುವ ಸಾಕ್ಷ್ಯದ ಮೇಲೆ ನಿಂತಿದೆ. ಸಾಕ್ಷಿಯೇ ಒಬ್ಬನನ್ನು ಇನ್ನೊಬ್ಬನೆಂದು ಗುರುತಿಸಿದರೆ?

ಇದು ಬರಿಯ ಊಹೆಯಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸಾವಿರಾರು ಪ್ರತಿಕಾಯಗಳನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದಾಗ ಸರಿಯಾಗಿ ಕೆಲಸ ಮಾಡಿದ್ದು ಅರ್ಧಕ್ಕಿಂತ ಕಡಿಮೆ. ರಿಸೆಪ್ಟರುಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಒಂದೇ ಕುಟುಂಬದ ರಿಸೆಪ್ಟರುಗಳು ಒಂದನ್ನೊಂದು ಹೋಲುತ್ತವೆ, ಜೊತೆಗೆ ಜೀವಕೋಶದಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿರುತ್ತವೆ. ಜಿ ಪ್ರೋಟೀನ್ ಜೊತೆಗೂಡಿ ಕೆಲಸ ಮಾಡುವ ರಿಸೆಪ್ಟರುಗಳ 19 ಬಗೆಗಳಿಗೆಂದು ಮಾರುತ್ತಿದ್ದ 49 ಪ್ರತಿಕಾಯಗಳು ತಮ್ಮ ಗುರಿಯನ್ನಷ್ಟೇ ಹಿಡಿಯುವುದರಲ್ಲಿ ಎಡವುತ್ತವೆಂದು 2009ರಲ್ಲಿ ಪಟ್ಟಿಯೇ ಬಂತು. ಈಸ್ಟ್ರೋಜನ್ ರಿಸೆಪ್ಟರ್ ಬೀಟಾಕ್ಕೆ ಬಳಸುತ್ತಿದ್ದ 13 ಪ್ರತಿಕಾಯಗಳನ್ನು 2017ರಲ್ಲಿ ಒರೆಗೆ ಹಚ್ಚಿದಾಗ ನಂಬಬಹುದಾದದ್ದು ಒಂದೇ ಒಂದು. ಅದಕ್ಕೂ ಮೊದಲೇ, 2015ರಲ್ಲಿ, ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ ಪ್ರತಿಕಾಯಗಳ ಗುಣಮಟ್ಟ ಸುಧಾರಿಸಬೇಕೆಂದು ಬಹಿರಂಗವಾಗಿ ಒತ್ತಾಯಿಸಿದ್ದರು. ಹಣ ಹಾಳಾದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ, ತಪ್ಪು ಗೆರೆಯ ಹಿಂದೆ ಹೋದ ಯುವ ಸಂಶೋಧಕರ ವರ್ಷಗಳು.

ಒರೆಗೆ ಹಚ್ಚುವ ದಾರಿಗಳು ಗೊತ್ತಿವೆ. ಎಲ್ಲಕ್ಕಿಂತ ಬಲವಾದದ್ದು, ಆ ರಿಸೆಪ್ಟರಿನ ಜೀನನ್ನೇ ತೆಗೆದ ಜೀವಕೋಶದ ಮೇಲೆ ಪ್ರತಿಕಾಯವನ್ನು ಬಳಸಿ ನೋಡುವುದು. ರಿಸೆಪ್ಟರೇ ಇಲ್ಲದ ಕಡೆಯೂ ಗೆರೆ ಮೂಡಿದರೆ ಆ ಸಾಕ್ಷಿ ಸುಳ್ಳು. ಇನ್ನೊಂದು, ಅದೇ ಪ್ರೋಟೀನಿನ ಬೇರೆ ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯದ ಸಾಕ್ಷ್ಯದೊಂದಿಗೆ ತಾಳೆ ನೋಡುವುದು. ಮೂರನೆಯದು, ಪ್ರತಿಕಾಯ ಹಿಡಿದು ತಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಹಾಕಿ ಅದು ಯಾವ ಪ್ರೋಟೀನೆಂದು ನೇರವಾಗಿ ಓದುವುದು. ಒಂದು ಪ್ರಯೋಗದಲ್ಲಿ ಗೆದ್ದ ಪ್ರತಿಕಾಯ ಇನ್ನೊಂದರಲ್ಲಿ ಸೋಲಬಹುದು. ಜೆಲ್ಲಿನಲ್ಲಿ ಬಿಚ್ಚಿಕೊಂಡ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ, ಅಂಗಾಂಶದಲ್ಲಿ ಮಡಚಿಕೊಂಡಿರುವ ಅದೇ ಪ್ರೋಟೀನನ್ನು ಹಿಡಿಯದಿರಬಹುದು. ಹಾಗಾಗಿ ಒಂದೊಂದು ಬಳಕೆಗೂ ಬೇರೆಯಾಗಿಯೇ ಪರೀಕ್ಷೆ ಆಗಬೇಕು.

ಒಂದು ರಿಸೆಪ್ಟರ್ ಕಲಿಸಿದ್ದು

ನಂಬಬಹುದಾದ ಸಾಧನಗಳು ಸೇರುತ್ತ ಹೋದಂತೆ ಜಿಸಿ-ಸಿಯ ತಿಳಿವಳಿಕೆ ಭೇದಿಯಾಚೆಗೂ ಹಬ್ಬಿತು. 2012ರಲ್ಲಿ ನಾರ್ವೆಯ ಒಂದೇ ವಂಶದ 32 ಜನರಲ್ಲಿ ಹುಟ್ಟಿನಿಂದಲೇ ಇದ್ದ ಭೇದಿಗೆ ಈ ರಿಸೆಪ್ಟರಿನ ಜೀನಿನಲ್ಲಿ ಆದ ಒಂದು ಬದಲಾವಣೆ ಕಾರಣವೆಂದು ಗೊತ್ತಾಯಿತು. ಅವರಲ್ಲಿ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುತ್ತದೆ. ಅದೇ ವರ್ಷ, ಈ ರಿಸೆಪ್ಟರ್ ಕೆಲಸ ಮಾಡದ ಬೆಡೂಯಿನ್ ಕುಟುಂಬಗಳಲ್ಲಿ ನವಜಾತ ಶಿಶುಗಳ ಕರುಳು ಕಟ್ಟಿಕೊಳ್ಳುತ್ತದೆಂಬ ವರದಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಲಿನಾಕ್ಲೋಟೈಡ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಇ. ಕೋಲೈಯ ಆ ವಿಷದ ಮಾದರಿಯಲ್ಲೇ ರೂಪಿಸಿದ 14 ಅಮೈನೊ ಆಮ್ಲಗಳ ತುಣುಕು ಅದು, ದೀರ್ಘಕಾಲದ ಮಲಬದ್ಧತೆಗೆ ಮದ್ದು. ದೊಡ್ಡ ಕರುಳಿನ ಕ್ಯಾನ್ಸರ್ ಜೀವಕೋಶಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವುದರಲ್ಲಿ ಜಿಸಿ-ಸಿ ಮತ್ತು ಎಸ್‌ಆರ್‌ಸಿ ಎಂಬ ಕಿಣ್ವದ ನಡುವಿನ ಸಂಬಂಧವನ್ನು ಬೆಂಗಳೂರಿನ ತಂಡ 2009ರಲ್ಲಿ ತೋರಿಸಿತ್ತು.

ಪ್ರತಿಕಾಯದ ಸಾಕ್ಷ್ಯ ಪ್ರಯೋಗಾಲಯದಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ನಮ್ಮ ಭಾಗದ ಹೆಣ್ಣುಮಗಳೊಬ್ಬಳು ಸ್ತನದ ಗಡ್ಡೆಗಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋದರೆ, ಗಡ್ಡೆಯ ಚೂರಿಗೆ ಹರ್-2 ರಿಸೆಪ್ಟರಿನ ಪ್ರತಿಕಾಯ ಹಚ್ಚಿ ಬಣ್ಣ ನೋಡಿ ಅಂಕ ಕೊಡುತ್ತಾರೆ. ಸೊನ್ನೆ ಅಥವಾ ಒಂದು ಬಂದರೆ ನೆಗೆಟಿವ್, ಮೂರು ಬಂದರೆ ಪಾಸಿಟಿವ್, ಎರಡು ಬಂದರೆ ಜೀನ್ ಮಟ್ಟದ ಇನ್ನೊಂದು ಪರೀಕ್ಷೆ. ಟ್ರಾಸ್ಟುಜುಮ್ಯಾಬ್ ಎಂಬ ದುಬಾರಿ ಔಷಧ ಆಕೆಗೆ ಕೊಡಬೇಕೋ ಬೇಡವೋ ಎಂಬುದು ಆ ಬಣ್ಣದ ಮೇಲೆ ನಿಂತಿದೆ. ಆ ಔಷಧವೂ ಹರ್-2ಗೆ ಅಂಟುವ ಒಂದು ಪ್ರತಿಕಾಯವೇ. ಬೆಂಗಳೂರಿನ ಬಯೋಕಾನ್ ಕಂಪನಿಯೂ ಅದನ್ನು ತಯಾರಿಸುತ್ತದೆ. ಗೊತ್ತಿರುವ ಪಾಸಿಟಿವ್ ಅಂಗಾಂಶ, ಗೊತ್ತಿರುವ ನೆಗೆಟಿವ್ ಅಂಗಾಂಶ ಎರಡನ್ನೂ ಪಕ್ಕದಲ್ಲಿಟ್ಟು ಬಣ್ಣ ಹಚ್ಚಿದ ಪ್ರಯೋಗಾಲಯದ ವರದಿಯನ್ನು ನಂಬಬೇಕು. ಹಾಗೆ ಇಡದೆ ಕೊಟ್ಟ ವರದಿ ಒಬ್ಬ ತಾಯಿಗೆ ಸಿಗಬೇಕಾದ ಔಷಧವನ್ನು ತಪ್ಪಿಸಬಹುದು.

ನನ್ನ ಬಿನ್ನಹ

ತಾಯಂದಿರಲ್ಲಿ, ಕೃಷಿಕರಲ್ಲಿ ನನ್ನ ಮಾತು ಸರಳ. ಕೂಸಿಗೆ ಜುಲಾಬು ಹತ್ತಿದರೆ ಮೊದಲ ಗಂಟೆಯಿಂದಲೇ ಓಆರ್‌ಎಸ್ ಕುಡಿಸುತ್ತಿರಿ, ಎದೆಹಾಲು ನಿಲ್ಲಿಸಬೇಡಿ, ಮಗು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಕರು ಹುಟ್ಟಿದ ತಾಸು ಎರಡು ತಾಸಿನೊಳಗೆ ಗಿಣ್ಣ ಕುಡಿಸಿರಿ. ಆಸ್ಪತ್ರೆಯಲ್ಲಿ ಗಡ್ಡೆಯ ಪರೀಕ್ಷೆ ಮಾಡಿಸಿದರೆ ವರದಿಯನ್ನು, ಮೇಣದಲ್ಲಿಟ್ಟ ಅಂಗಾಂಶದ ತುಂಡನ್ನು ಕೇಳಿ ಪಡೆದು ಜೋಪಾನ ಮಾಡಿರಿ. ಬೇರೆ ಕಡೆ ಮರುಪರೀಕ್ಷೆಗೆ ಅದು ಬೇಕಾಗುತ್ತದೆ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಪ್ರಯೋಗದ ಕೊನೆಗೆ ಸರಿ ಉತ್ತರ ಬಂತೇ ಎಂದಷ್ಟೇ ಕೇಳಬೇಡಿ. ‘ಇದು ತಪ್ಪಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತಿತ್ತು?’ ಎಂದು ಕೇಳಿರಿ. ಪಿಷ್ಟಕ್ಕೆ ಅಯೋಡಿನ್ ಹಾಕುವ ಚಿಕ್ಕ ಪ್ರಯೋಗದಲ್ಲೂ ಪಕ್ಕದಲ್ಲಿ ಬರಿ ನೀರಿನ ಪ್ರನಾಳವೊಂದನ್ನು ಇಡಿಸಿರಿ. ಅರ್ಧದಷ್ಟು ವಿಜ್ಞಾನ ಆ ಎರಡನೆಯ ಪ್ರನಾಳದಲ್ಲಿದೆ.

ವಿದ್ಯಾರ್ಥಿಗಳೇ, ದೊಡ್ಡ ಪ್ರಶ್ನೆ ಕೇಳುವವರು ಮಾತ್ರ ವಿಜ್ಞಾನಿಗಳು ಎಂದು ತಿಳಿಯಬೇಡಿ. ವರ್ಷಗಟ್ಟಲೆ ತಟ್ಟೆಗಳ ಮುಂದೆ ಕೂತು ಒಂದು ಒಳ್ಳೆಯ ಪ್ರತಿಕಾಯ ಮಾಡಿಕೊಟ್ಟವರೂ ಅಷ್ಟೇ ದೊಡ್ಡ ಕೆಲಸ ಮಾಡಿದ್ದಾರೆ. ಆ ಸಾಧನ ಇಲ್ಲದೆ ಮುಂದಿನ ಒಂದು ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಜೀವಶಾಸ್ತ್ರ ಓದಿದರೆ ಡಾಕ್ಟರಾಗಬೇಕು, ಇಲ್ಲದಿದ್ದರೆ ಓದು ದಂಡ ಎಂಬ ಮಾತನ್ನು ನಮ್ಮ ಭಾಗದ ಮನೆಗಳಲ್ಲಿ ಕೇಳುತ್ತೇನೆ. ಪಾಲಕರು ಆ ಮಾತನ್ನು ಬಿಡಬೇಕು. ನಮ್ಮ ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯಿದೆ. ಘಾಟಬೋರಾಳದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಲ್ಲಿಗೆ ಹೋಗಬೇಕು, ನಮ್ಮ ಕೂಸುಗಳ, ನಮ್ಮ ಕರುಗಳ ರೋಗದ ಪ್ರಶ್ನೆಗಳನ್ನು ಅವರೇ ಕೈಗೆತ್ತಿಕೊಳ್ಳಬೇಕು. ಮುಂದಿನ ವರ್ಷದಿಂದ ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಊರ ಶಾಲೆಯ ಪ್ರಯೋಗಾಲಯಕ್ಕೆ ಮೀಸಲಿಡಿ ಎಂದು ದಾನಿಗಳನ್ನು ಸಭೆಯ ಎದುರಿಗೇ ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.